ಹುಡೇವಿಗೆ ಒರಗಿದ ಮಗ್ಗ

ನವನಗರ, ಬಾಗಲಕೋಟೆ
17 ಜನವರಿ 2024

ಲಾಡಬಿ ಚಾಚಿಗೆ ರೋಹಿಣಿಯ ನಮಸ್ಕಾರ.

ಹೋದ ಭಾನುವಾರ ಇಳಕಲ್ಲಿನ ನಿಮ್ಮ ಓಣಿಯಲ್ಲಿ ಕ್ಯಾಮೆರಾ ಹಿಡಿದು ಹುಚ್ಚಿಯ ಹಾಗೆ ಹುಡೇವಿನ ಸುತ್ತ ತಿರುಗುತ್ತಿದ್ದವಳು ನಾನೇ. ನೀವು ಕರೆದು ಕೂಡಿಸಿ, ಚಹಾ ಕೊಟ್ಟು, "ಕಲ್ಲಿನ ಫೋಟೋ ತಗದ್ರ ಹೊಟ್ಟಿ ತುಂಬತೈತೇನವ್ವಾ?" ಅಂದಿರಿ. ನಾನು ಕೊಟ್ಟ ಉತ್ತರ ನಿಮಗೆ ಕೇಳಿಸಲಿಲ್ಲ. ಮಗ್ಗದ ಸಪ್ಪಳದಲ್ಲೇ ಕಿವಿ ಹೋದವು, ಫೋನು ಕಿವಿಗಿಟ್ಟರೆ ನೊಣ ಗುಂಯ್ ಅಂದಂತೆ ಆಗುತ್ತದೆ, ಏನಿದ್ದರೂ ಬರೆದು ಕಳಿಸು, ಏಳನೇ ಇಯತ್ತೆ ಪಾಸಾದವಳು ನಾನು ಎಂದು ನೀವೇ ಹೇಳಿದ್ದಕ್ಕೆ ಈ ಕಾಗದ.

ಉತ್ತರ ಇಷ್ಟೇ: ತುಂಬುವುದಿಲ್ಲ ಚಾಚಿ. ಹೊಟ್ಟೆಗೆ ಮದುವೆ ಮನೆಗಳಿವೆ, ಸ್ಟುಡಿಯೋದ ಸಂಬಳವಿದೆ. ಭಾನುವಾರ ಮಾತ್ರ ನನ್ನದು. ನಮ್ಮ ಸ್ಟುಡಿಯೋ ಮಾಲಕರು ಕರಾವಳಿ ಕಡೆಯವರು, "ಹುಡೇವು ಅಂದರೆ ಎಂತದ್ದು?" ಎಂದು ಕೇಳಿದರು. ಊರ ಮೇಲೆ ದಂಡು ಬಂದಾಗ ಹೆಂಗಸರು ಮಕ್ಕಳನ್ನು ಕಾಯಲು, ಮೇಲಿನ ಕಿಂಡಿಗಳಿಂದ ಬಂದೂಕು ಹಾರಿಸಲು ಕಟ್ಟಿದ ದುಂಡನೆಯ ಗೋಪುರ, ಮೈಯೆಲ್ಲ ಕಲ್ಲು, ಹೊಟ್ಟೆಯಲ್ಲಿ ಮಣ್ಣು ಎಂದೆ. ಈಗ ಅವುಗಳ ಪಾಡು ನೋಡಬೇಕು. ಶಿರೂರಿನ ಕಡೆ ಒಂದಕ್ಕೆ ಕುಳ್ಳು ಬಡಿದಿದ್ದಾರೆ. ಬಾದಾಮಿಯ ಕಡೆ ಒಂದರ ಬುಡಕ್ಕೆ ಹಿಟ್ಟಿನ ಗಿರಣಿ. ನಿಮ್ಮದರ ನೆತ್ತಿಯ ಮೇಲೆ ನೀರಿನ ಟಾಕಿ, ಬೆನ್ನಿಗೆ ನಿಮ್ಮ ಮಗ್ಗದ ಮನೆ. ಯುದ್ಧ ಮುಗಿದ ಮೇಲೆ ಯುದ್ಧಕ್ಕೆ ಕಟ್ಟಿದ್ದು ಊರ ನಡುವೆ ಹೇಗೆ ಬದುಕುತ್ತದೆ ಅನ್ನುವುದೇ ನನ್ನ ಹುಚ್ಚು.

ನನ್ನ ರೀತಿ ಹೀಗೆ: ಪ್ರತಿ ತಿಂಗಳು ಅದೇ ಜಾಗದಲ್ಲಿ, ಅದೇ ಹೊತ್ತಿಗೆ ನಿಂತು ಫೋಟೋ ತೆಗೆಯುತ್ತೇನೆ. ನಿಮ್ಮ ಓಣಿಯ ಬೇವಿನ ಗಿಡದ ಬುಡವನ್ನು ಕಾಯಂ ಮಾಡಿಕೊಂಡಿದ್ದೇನೆ. ಮಗ್ಗದ ಮನೆಯ ಹಿಂದಿನ ಗೋಡೆಯೂ ಹುಡೇವೇ ಅಲ್ಲವೇ, ಒಳಗೂ ತೆಗೆಯಲು ಬಿಡುತ್ತೀರಾ? ಮೊದಲ ಪ್ರಿಂಟುಗಳನ್ನು ಇದರ ಜೊತೆ ಇಟ್ಟಿದ್ದೇನೆ. ಬಾಗಿಲಿನಿಂದ ತೆಗೆದದ್ದು, ಮಗ್ಗದ ಮುಂದೆ ನೀವು ಕೂತದ್ದು, ನನಗೆ ಬಹಳ ಸೇರಿದೆ.

ನಿಮ್ಮ ರೋಹಿಣಿ

*

ಇಳಕಲ್
5 ಫೆಬ್ರುವರಿ 2024

ಮಗಳೇ ರೋಹಿಣಿ,

ಫೋಟೋ ಮುಟ್ಟಿದವು. ಮಗ ಸಲ್ಮಾನ ನೋಡಿ "ಅಮ್ಮಾ, ನೀ ಹುಡೇವಿಗಿಂತ ಹಳೀದಾಗಿ ಕಾಣ್ತಿ" ಅಂದ. ಗ್ರಾನೈಟ್ ಕೊಯ್ಯುವವನಿಗೆ ಕಲ್ಲಿನ ವಯಸ್ಸು ಗೊತ್ತು, ತಾಯಿಯ ವಯಸ್ಸು ಗೊತ್ತಿಲ್ಲ. ಸೊಸೆ ಅನೀಸ ಮಾತ್ರ ಫೋಟೋವನ್ನು ಕಟ್ಟು ಹಾಕಿಸಬೇಕು ಅನ್ನುತ್ತಾಳೆ. ನನ್ನ ಲಗ್ನದಲ್ಲಿ ಕೂಡ ಯಾರೂ ನನ್ನ ಫೋಟೋ ತೆಗೆದಿರಲಿಲ್ಲ ನೋಡು.

ಹುಡೇವಿನ ಬಗ್ಗೆ ಕೇಳಿದ್ದೀ. ನಮ್ಮಪ್ಪ ಸುಭಾನಸಾಬ ಮೀಸೆ ಮೂಡುವ ವಯಸ್ಸಿನಲ್ಲಿ ಅದರ ಮೇಲೆ ಕಾವಲು ಕೂತಿದ್ದ. ಆಗ ನಿಜಾಮನ ಸರಹದ್ದು ಇಲ್ಲೇ ಕೂಗಳತೆಯಲ್ಲಿ. ಅಲ್ಲಿನ ಗಲಾಟೆಗೆ ಹೆದರಿ ಆ ಕಡೆಯಿಂದ ಮಂದಿ ಗಂಟುಮೂಟೆ ಕಟ್ಟಿಕೊಂಡು ಓಡಿ ಬರುತ್ತಿದ್ದರಂತೆ. ಅಪ್ಪ ಮತ್ತು ಎದುರು ಮನೆಯ ಚಂದಪ್ಪ ಇಬ್ಬರ ನಡುವೆ ಒಂದೇ ಬಂದೂಕು. ಯಾರೂ ಬರಲಿಲ್ಲ, ಗುಂಡು ಹಾರಲಿಲ್ಲ. ಬಂದೂಕು ಯಾರು ಹಿಡಿಯಬೇಕು ಅನ್ನುವುದಕ್ಕೇ ಇಬ್ಬರೂ ಬಡಿದಾಡಿದರು ಎಂದು ನಮ್ಮಮ್ಮ ನಗುತ್ತಿದ್ದಳು.

ಈಗ ಅದು ನನ್ನನ್ನು ಬೇರೆ ರೀತಿ ಕಾಯುತ್ತದೆ. ನಿನಗೆ ಗೊತ್ತಿಲ್ಲದ ಮಾತು ಹೇಳುತ್ತೇನೆ. ಬಿಸಿಲು ಬಿತ್ತೆಂದರೆ ರೇಷ್ಮೆ ಒಣಗಿ ಪಟ್ ಪಟ್ ಹರಿಯುತ್ತದೆ. ಒಂದು ಎಳೆ ಗಂಟು ಹಾಕುವುದರೊಳಗೆ ಮತ್ತೊಂದು. ಮೇಲಿನ ಟಾಕಿ ತುಂಬಿ ಹೊರಚೆಲ್ಲಿದ ನೀರು ಓಣಿಗೆ ಬಿದ್ದು ಯಾವಾಗಲೂ ಜಗಳ. ನಾನು ಸಲ್ಮಾನನಿಗೆ ಹೇಳಿ ಆ ಪೈಪಿನ ಬಾಯಿಯನ್ನು ಹುಡೇವಿನ ಒಳಕ್ಕೆ ತಿರುಗಿಸಿದೆ. ಜಗಳವೂ ಬಂದಾಯಿತು, ನನ್ನ ಗೋಡೆಯೂ ನೀರಿನ ಗಡಿಗೆಯ ಹಾಗೆ ತಣ್ಣಗಾಯಿತು. ಈಗ ಹರಿದು ಗಂಟು ಹಾಕಿದ ಎಳೆ ಹುಡುಕಿದರೂ ಸಿಗುವುದಿಲ್ಲ. ಹುಡೇವಿನ ಆ ಮಗ್ಗುಲಿಗೆ ಮಗ್ಗ ಹಾಕಿಕೊಂಡಿರುವ ಶಾರವ್ವ ಬಂದು ಗೋಡೆ ಮುಟ್ಟಿ ಹೊಟ್ಟೆಕಿಚ್ಚು ಪಡುತ್ತಾಳೆ.

ಯಾವಾಗ ಬೇಕಾದರೂ ಬಾ. ಬಾಗಿಲು ಬಡಿಯಬೇಡ, ಕೇಳಿಸುವುದಿಲ್ಲ. ಸೀದಾ ಒಳಗೆ ಬಾ.

ಲಾಡಬಿ

*

ನವನಗರ, ಬಾಗಲಕೋಟೆ
19 ಮಾರ್ಚ್ 2024

ಚಾಚಿ,

ರೋಜಾ ಹಿಡಿದುಕೊಂಡೇ ಮಗ್ಗದಲ್ಲಿ ಕೂತಿದ್ದಿರಿ, ನನಗೆ ಮಾತ್ರ ಅನೀಸಳ ಕೈಯಿಂದ ಗಿರ್ಮಿಟ್ ಕೊಡಿಸಿದಿರಿ. ನಾಚಿಕೆ ಬಿಟ್ಟು ತಿಂದೆ. ಪೈಪಿನ ಉಪಾಯ ಓದಿ ಬಿದ್ದು ಬಿದ್ದು ನಕ್ಕಿದ್ದೆ, ಈಗ ಗೋಡೆ ಮುಟ್ಟಿ ನೋಡಿದ ಮೇಲೆ ನೀವು ಎಂಜಿನಿಯರ್ ಆಗಬೇಕಿತ್ತು ಅನಿಸಿತು. ಆ ಒದ್ದೆ ಕಲ್ಲು, ಅದರ ಮುಂದೆ ನಿಮ್ಮ ಕೆಂಪು ನೂಲು. ಇಡೀ ಜಿಲ್ಲೆ ತಿರುಗಿದರೂ ಇಂಥ ಚಿತ್ರ ನನಗೆ ಸಿಕ್ಕಿರಲಿಲ್ಲ.

ಮೂರು ತಿಂಗಳ ಪ್ರಿಂಟು ಕಳಿಸಿದ್ದೇನೆ. ಮಾರ್ಚ್‌ನದರಲ್ಲಿ ಮೇಲಿನ ಕಿಂಡಿಯ ಪಕ್ಕ ಕರಿ ಗೆರೆಯೊಂದು ಕಾಣುತ್ತದೆ. ಪ್ರಿಂಟಿನ ಮೇಲೆ ಕೂದಲು ಬಿದ್ದಿದೆ ಎಂದು ಉಗುರಿನಿಂದ ಕೆರೆದೆ, ಹೋಗಲಿಲ್ಲ. ಗೋಡೆಯ ಮೇಲೇ ಇರಬೇಕು. ಸಲ್ಮಾನನಿಗೆ ಒಮ್ಮೆ ನೋಡಲು ಹೇಳಿ.

ಒಂದು ಸಿಹಿ ಸುದ್ದಿ ಇದೆ. ಪಕ್ಕಾ ಆದ ಮೇಲೆಯೇ ಹೇಳುತ್ತೇನೆ. ನಿಮ್ಮ ಹುಡೇವಿಗೆ ಒಳ್ಳೆಯ ದಿನ ಬರಲಿಕ್ಕಿದೆ.

ರೋಹಿಣಿ

*

ಇಳಕಲ್
22 ಏಪ್ರಿಲ್ 2024

ಮಗಳೇ,

ಈದ್ ಮುಗಿಯಿತು. ನಿನ್ನ ಪಾಲಿನ ಸುರಕುಂಬಾ ಸಲ್ಮಾನ ಕುಡಿದ. ದೂರು ಕೊಡುವುದಿದ್ದರೆ ಅವನಿಗೇ ಬರೆ.

ನೀನು ಹೇಳಿದ ಗೆರೆ ಏನೂ ಅಲ್ಲ. ಹಳೆಯ ಕಲ್ಲಿಗೆ ಗೆರೆ ಬರದೆ ಏನು ಬಂದೀತು? ನನ್ನ ಮುಖ ನೋಡು. ಹೋದ ಭಾನುವಾರ ಒಳಗೋಡೆಯ ಮೇಲಿನ ಕ್ಯಾಲೆಂಡರ್ ತೆಗೆಯಲು ನೀನು ಹೋದಾಗ ನಾನು ಬೇಡ ಅಂದೆ, ನೀನು ಮುಖ ಸಣ್ಣ ಮಾಡಿಕೊಂಡೆ. ಕ್ಯಾಲೆಂಡರ್ ಅಲ್ಲೇ ಇರಲಿ. ಫೋಟೋದಲ್ಲಿ ಬಂದರೆ ಬರಲಿ.

ಬೇರೆ ಸುದ್ದಿ ಏನು? ಹುಡೇವಿನ ಪಾರಿವಾಳಗಳು ಎಲ್ಲಿಗೆ ಹೋದವೋ, ಒಂದೂ ಇಲ್ಲ. ಅಂಗಳಕ್ಕೆ ಹಿಕ್ಕೆ ಬೀಳುವುದು ತಪ್ಪಿತು ಎಂದು ಅನೀಸಳಿಗೆ ಖುಷಿ. ಗೋಡೆಯ ಸಂದಿನಿಂದ ಚೇಳು ಮಾತ್ರ ಹೊರಗೆ ಬರುತ್ತಿವೆ. ಮೊಮ್ಮಗನ ತೊಟ್ಟಿಲನ್ನು ಈಚೆ ಕೋಣೆಗೆ ತಂದುಕೊಂಡೆವು. ಬಿಸಿಲಿಗೆ ಹೀಗೇ ಆಗುತ್ತದೆ ಬಿಡು.

ನೂಲು ಬೆಣ್ಣೆಯ ಹಾಗೆ ಓಡುತ್ತಿದೆ. ಸಿಹಿ ಸುದ್ದಿ ಅಂದೆಯಲ್ಲ, ವರ ಸಿಕ್ಕನೇನು?

ಲಾಡಬಿ

*

ನವನಗರ, ಬಾಗಲಕೋಟೆ
2 ಜೂನ್ 2024

ಚಾಚಿ,

ವರ ಅಲ್ಲ, ಅದಕ್ಕಿಂತ ದೊಡ್ಡದು. ಹೋದ ವಾರ ಬಾದಾಮಿಯಲ್ಲಿ ನನ್ನ ಫೋಟೋಗಳ ಪ್ರದರ್ಶನ ಆಯಿತು. ಬಾದಾಮಿ ಕೋಟೆಯ ಬುರುಜು, ಶಿರೂರಿನ ಹುಡೇವು, ಹುನಗುಂದ ತಾಲೂಕಿನವು, ಎಲ್ಲಕ್ಕೂ ನಡುವೆ ನೀವು ಮತ್ತು ನಿಮ್ಮ ಮಗ್ಗ. ಪಟ್ಟದಕಲ್ಲಿಗೆ ಹೊರಟಿದ್ದ ಪ್ರವಾಸಿಗರು ಬಸ್ಸು ಬಿಟ್ಟುಕೊಂಡು ನಿಂತು ನೋಡಿದರು. ಹಳೆಯ ಸ್ಮಾರಕಗಳನ್ನು ನೋಡಿಕೊಳ್ಳುವ ದೊಡ್ಡ ಕಚೇರಿಯ ಒಬ್ಬರು ಬಂದಿದ್ದರು. ಇಳಕಲ್ಲಿನ ಹುಡೇವನ್ನು ಉಳಿಸಬೇಕು ಎಂದು ನಾನು ಜನವರಿಯಲ್ಲೇ ಅರ್ಜಿ ಹಾಕಿದ್ದೆ, ಅವರ ಮೇಜಿನ ಮೇಲೆ ಇತ್ತಂತೆ. ಅಲ್ಲೇ ಮಾತು ಕೊಟ್ಟರು. ಇನ್ನು ಅದನ್ನು ಯಾರೂ ಒಡೆಯುವ ಹಾಗಿಲ್ಲ, ಕೆಡವುವ ಹಾಗಿಲ್ಲ. ಸಂರಕ್ಷಿತ ಸ್ಮಾರಕ ಎಂಬ ಬೋರ್ಡು ಬರುತ್ತದೆ. ನನಗೆ ಅಳುವೇ ಬಂತು.

ಇನ್ನೊಂದು ಮಾತು. ಹೇಗೆ ಬರೆಯಲಿ ತಿಳಿಯುತ್ತಿಲ್ಲ. ಮೇ ತಿಂಗಳಲ್ಲಿ ನೀವು ನಮಾಜಿಗೆ ಎದ್ದು ಹೋದಾಗ ನಾನು ಮಗ್ಗದ ಮನೆಯಲ್ಲಿ ಒಬ್ಬಳೇ ಇದ್ದೆ. ಗೋಡೆಯ ಒಳಗೆ ಚೀಲದಿಂದ ಜೋಳ ಸುರಿದಂಥ ಸಪ್ಪಳ. ನಿಂತಿತು, ಮತ್ತೆ ಬಂತು. ಕಿವಿ ಹಚ್ಚಿದೆ. ಹುಡೇವಿನ ಹೊಟ್ಟೆಯ ಮಣ್ಣು ಕೆಳಗೆ ಜಾರುತ್ತಿದೆ ಚಾಚಿ. ಪೈಪಿನ ಉಪಾಯಕ್ಕೆ ನಕ್ಕಿದ್ದೆನಲ್ಲ, ಈಗ ನಗು ಬರುತ್ತಿಲ್ಲ. ಟಾಕಿಯ ನೀರು ಬಂದ್ ಮಾಡಿಸಿ. ಸಾಧ್ಯವಾದರೆ ಸ್ವಲ್ಪ ದಿನ ಮಗ್ಗದ ಮನೆ ಬಿಟ್ಟು ಬೇರೆ ಕಡೆ ಇದ್ದರೆ ಒಳ್ಳೆಯದೇನೋ. ನಿಮಗೆ ತೊಂದರೆಯಾಗದಂತೆ ನಾನು ಕಚೇರಿಯವರೊಂದಿಗೆ ಮಾತಾಡುತ್ತೇನೆ.

ರೋಹಿಣಿ

*

ಇಳಕಲ್
30 ಜೂನ್ 2024

ಕುಮಾರಿ ರೋಹಿಣಿಯವರಿಗೆ,

ತಮ್ಮ ಪತ್ರ ತಲುಪಿತು. ತಮ್ಮ ಬೋರ್ಡೂ ತಲುಪಿತು. ಅದರ ಹಿಂದೆಯೇ ಟೇಪು ಹಿಡಿದ ಮಂದಿಯೂ ಬಂದರು. ಹುಡೇವಿಗೆ ತಾಗಿದ ಮನೆಗಳಿಗೆಲ್ಲ ಕೆಂಪು ಬಣ್ಣದ ಗುರುತು ಹಾಕಿದರು. ನನ್ನ ಬಾಗಿಲಿಗೂ ಹಾಕಿದರು. "ಇದು ನಮ್ಮಜ್ಜನ ಮನಿ ಐತ್ರಿ" ಅಂದರೆ ಅವರ ಕೈಯಲ್ಲಿ ಏನಿತ್ತು ಗೊತ್ತೇ? ನೀವು ತೆಗೆದ ನನ್ನ ಫೋಟೋ. ಹುಡೇವಿನ ಗೋಡೆ ನಾನು ಒತ್ತಿಕೊಂಡಿದ್ದಕ್ಕೆ ಅದೇ ಸಾಕ್ಷಿಯಂತೆ.

ಶಾರವ್ವ ಪಾಪದವಳು. ನಾಲ್ಕು ದಿನ ಹೊರಗಿರಿ, ಪರೀಕ್ಷೆ ಮಾಡುತ್ತೇವೆ ಅಂದರು. ನಂಬಿ ಎದ್ದು ಹೋದಳು. ಬಾಗಿಲಿಗೆ ಕೀಲಿ ಹಾಕಿ ಅರಗಿನ ಮುದ್ರೆ ಒತ್ತಿದರು. ನಾಲ್ಕು ದಿನ ಹೋಗಿ ಎರಡು ವಾರವಾಯಿತು. ಶ್ರಾವಣದಲ್ಲಿ ಮಗಳ ಮದುವೆ, ಮಗಳಿಗೆಂದು ನೇಯುತ್ತಿದ್ದ ಸೀರೆ ಅರ್ಧ ಮಗ್ಗದ ಮೇಲಿದೆ. ಇಲಿ ಕಡಿಯುವುದನ್ನು ಕಿಟಕಿಯಿಂದ ನೋಡುತ್ತ ನಿಲ್ಲುತ್ತಾಳೆ.

ತಮ್ಮ ಪತ್ರದ ಕೊನೆಯ ಮಾತು ಈಗ ಅರ್ಥವಾಯಿತು. ಸ್ವಲ್ಪ ದಿನ ಬೇರೆ ಕಡೆ ಇರಿ ಅಂದಿರಿ. ಗೋಡೆ ಸಪ್ಪಳ ಮಾಡುತ್ತದೆ ಅಂದಿರಿ. ಕಿವುಡಿಗೆ ಸಪ್ಪಳದ ಹೆದರಿಕೆ ಹಾಕುವುದು ಸುಲಭ. ಮಗಳೇ ಎಂದು ಕರೆದು ಒಳಗೆ ಬಿಟ್ಟುಕೊಂಡದ್ದು ನನ್ನ ಬುದ್ಧಿಗೇಡಿತನ. ಇನ್ನು ಈ ಕಡೆ ಬರಬೇಡಿ.

ಲಾಡಬಿ ಸುಭಾನಸಾಬ

*

ನವನಗರ, ಬಾಗಲಕೋಟೆ
12 ಜುಲೈ 2024

ಚಾಚಿ,

ಬೈಯಿರಿ, ಇನ್ನೂ ಬೈಯಿರಿ. ಆದರೆ ಈ ಪತ್ರ ಕೊನೆಯವರೆಗೆ ಓದಿ.

ಅರ್ಜಿ ನನ್ನದೇ. ನಿಮ್ಮನ್ನು ಕೇಳದೆ ಹಾಕಿದೆ. ಕಲ್ಲು ಉಳಿದರೆ ನೀವೂ ಉಳಿಯುತ್ತೀರಿ ಎಂದುಕೊಂಡಿದ್ದೆ. ಮನೆಗಳ ಲೆಕ್ಕ ತೆಗೆಯುತ್ತಾರೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ನಿಮ್ಮ ಮನೆಗಾಗಿ ನಾನು ಕಚೇರಿಗೆ ಅಲೆಯುತ್ತಲೇ ಇದ್ದೇನೆ. ಅದು ಬೇರೆ ಜಗಳ, ಅದಕ್ಕೆ ಸಮಯವಿದೆ. ಗೋಡೆಗೆ ಸಮಯವಿಲ್ಲ.

ಬರಬೇಡಿ ಅಂದರೂ ಬಂದಿದ್ದೆ. ನಿಮಗೆ ಕಾಣದ ಹಾಗೆ ಬೇವಿನ ಬುಡದಿಂದ ಫೋಟೋ ತೆಗೆದು ಹೋದೆ. ಅದನ್ನು ಕಚೇರಿಗೆ ಒಯ್ದು ಕೈ ಮುಗಿದು ಕೇಳಿದೆ: ಗೋಡೆ ಬೀಳದಂತೆ ಆಸರೆಗೆ ಟೇಕು ಕೊಡಿ, ಟಾಕಿ ಇಳಿಸಿ. ಪ್ರಸ್ತಾವ ಮೇಲೆ ಹೋಗಿದೆಯಮ್ಮ, ಮಂಜೂರಾಗುವವರೆಗೆ ಒಂದು ಕಲ್ಲನ್ನೂ ಯಾರೂ ಮುಟ್ಟುವಂತಿಲ್ಲ, ನೀವೇ ಅಲ್ಲವೇ ಅರ್ಜಿ ಕೊಟ್ಟವರು ಅಂದರು. ನನ್ನ ಬಾಯಿಗೆ ನಾನೇ ಬೀಗ ಹಾಕಿಕೊಂಡಂತಾಯಿತು.

ನನ್ನ ಮಾತು ನಂಬಬೇಡಿ. ನಿಮ್ಮ ಕಣ್ಣು ನಂಬಿ. ಈ ಸಲ ಎರಡು ಪ್ರಿಂಟುಗಳನ್ನು ತೆಳು ಕಾಗದದ ಮೇಲೆ ತೆಗೆಸಿದ್ದೇನೆ, ಒಂದು ಜನವರಿಯದು, ಒಂದು ಈ ತಿಂಗಳದು. ಎರಡೂ ಒಂದೇ ಜಾಗದಿಂದ ತೆಗೆದವು. ಒಂದರ ಮೇಲೊಂದು ಇಟ್ಟು, ಚಂದಪ್ಪನವರ ಮನೆಯ ಕಟ್ಟೆ ಸರಿಯಾಗಿ ಕೂಡಿಸಿ, ಕಿಟಕಿಯ ಬೆಳಕಿಗೆ ಹಿಡಿಯಿರಿ. ಹುಡೇವಿನ ಕಿಂಡಿಗಳೂ ಕೂಡಿದರೆ ನಾನು ಸುಳ್ಳಿ, ಜನ್ಮದಲ್ಲಿ ನನ್ನ ಮುಖ ನೋಡಬೇಡಿ. ಕೂಡದಿದ್ದರೆ ಆ ಕ್ಷಣವೇ ಮಗುವನ್ನು ಎತ್ತಿಕೊಂಡು ಹೊರಗೆ ನಡೆಯಿರಿ.

ರೋಹಿಣಿ

*

ಇಳಕಲ್
8 ಆಗಸ್ಟ್ 2024

ರೋಹಿಣಿ,

ಕಿಟಕಿಗೆ ಹಿಡಿದು ನೋಡಿದೆ. ಚಂದಪ್ಪನ ಕಟ್ಟೆ ಕೂಡಿತು, ಬೇವಿನ ಟೊಂಗೆ ಕೂಡಿತು. ಕಿಂಡಿಗಳು ಕೂಡಲಿಲ್ಲ. ಹುಡೇವು ನನ್ನ ಮಾಳಿಗೆಯ ಕಡೆ ಬಾಗಿದೆ. ಎಷ್ಟು ಸಲ ಹಿಡಿದೆನೋ, ನನ್ನ ಕಣ್ಣೇ ಸರಿಯಿಲ್ಲ ಎಂದು ಸಲ್ಮಾನನ ಕೈಗೂ ಕೊಟ್ಟೆ. ಅವನು ನೋಡಿದವನೇ ಹೋಗಿ ಒಳಗೋಡೆಯ ಕ್ಯಾಲೆಂಡರ್ ತೆಗೆದ. ಅಲ್ಲಿ ಬಿರುಕಿಗೆ ನಾನೇ ಚಿಂದಿ ತುರುಕಿ ಸುಣ್ಣ ಬಳಿದಿದ್ದೆ, ನಿನ್ನ ಕಣ್ಣಿಗೆ ಬೀಳದಿರಲೆಂದು. ಚಿಂದಿ ಒಳಗೆ ಬಿದ್ದು ಹೋಗಿದೆ. ಈಗ ಅದರಲ್ಲಿ ನನ್ನ ಮುಂಗೈ ಹೋಗುತ್ತದೆ.

ಟಾಕಿಯ ನೀರು ಬಂದ್ ಮಾಡಿಸಿದೆ. ಮಳೆ ಬಂದ್ ಮಾಡುವವರು ಯಾರು? ಮಗ್ಗದ ಕುಣಿಯಲ್ಲಿ ನೀರು ಜಿನುಗುತ್ತದೆ, ಬೋಗುಣಿಯಿಂದ ಎತ್ತಿ ಚೆಲ್ಲಿ ಕಾಲು ಇಳಿಬಿಟ್ಟು ಕೂರುತ್ತೇನೆ. ನಮ್ಮ ಓಣಿಯ ಹಣಮಪ್ಪ ಮೇಸ್ತ್ರಿ ತಾನಾಗಿಯೇ ಟೇಕಿನ ತೊಲೆ ತಂದಿದ್ದ. ಕಚೇರಿಯವರು ಬೋರ್ಡು ತೋರಿಸಿ ಅವನನ್ನು ತಿರುಗಿ ಕಳಿಸಿದರು. ಮುಟ್ಟಿದರೆ ಕೇಸು ಅಂದರು. ಅದನ್ನು ಯಾರೂ ಮುಟ್ಟುತ್ತಿಲ್ಲ ಮಗಳೇ. ನೀನು ಕೇಳಿದ್ದು ನಡೆದಿದೆ.

ಅನೀಸ, ಮಗು, ಸಲ್ಮಾನ ಮೂವರನ್ನೂ ಹುನಗುಂದಕ್ಕೆ ಅವಳ ತವರಿಗೆ ಕಳಿಸಿದೆ. ಸಲ್ಮಾನ ಕೈಹಿಡಿದು ಎಳೆದ. ಸೀರೆ ಮುಗಿಸಿಕೊಂಡು ಬರುತ್ತೇನೆ ಎಂದು ಆಣೆ ಮಾಡಿದೆ. ಸೀರೆ ನನ್ನದಲ್ಲ, ಶಾರವ್ವನ ಮಗಳದು. ಮುದ್ರೆಯೊಳಗೆ ಸಿಕ್ಕಿಬಿದ್ದದ್ದರ ಬದಲು ನನ್ನ ಮಗ್ಗದಲ್ಲಿ ಹೊಸದು ನೇಯುತ್ತಿದ್ದೇನೆ. ನನ್ನ ಗೋಡೆಗೆ ನೀರು ಬಿಟ್ಟುಕೊಂಡದ್ದು ನಾನು, ಮುದ್ರೆ ಬಿದ್ದದ್ದು ಅವಳ ಮಗ್ಗಕ್ಕೆ. ಅವಳ ಮಗಳು ಅಂಗಡಿಯ ಸೀರೆ ಉಟ್ಟು ಅಕ್ಷತೆಗೆ ನಿಲ್ಲಬೇಕೆ? ಒಡಲು ಮುಗಿಯಿತು. ಸೆರಗಿನ ನೂಲು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿದ್ದೇನೆ, ಇನ್ನು ಸೆರಗು ನೇಯುವುದಷ್ಟೇ ಬಾಕಿ. ಮದುಮಗಳ ಸೀರೆಯನ್ನು ಅರ್ಧಕ್ಕೆ ಕತ್ತರಿಸಿ ಮಗ್ಗದಿಂದ ಇಳಿಸುವುದು ನಮ್ಮಲ್ಲೂ ಇಲ್ಲ, ಅವರಲ್ಲೂ ಇಲ್ಲ. ಹೊರಗೆ ಹೋಗಿ ಬಂದು ನೇಯುವ ಹಾಗೂ ಇಲ್ಲ. ಒಮ್ಮೆ ಎದ್ದೆನೆಂದರೆ ಕೀಲಿ ಬೀಳುತ್ತದೆ. ಅದಕ್ಕೇ ಒಳಗಿನಿಂದ ಚಿಲಕ ಹಾಕಿಕೊಂಡಿದ್ದೇನೆ. ಈ ಕಾಗದವನ್ನೂ ಬಾಗಿಲ ಸಂದಿನಿಂದಲೇ ಶಾರವ್ವನ ಕೈಗೆ ಕೊಡುತ್ತೇನೆ.

ನಿನ್ನ ಮೇಲೆ ಸಿಟ್ಟು ಇಲ್ಲ. ಇತ್ತು, ಬಹಳ ಇತ್ತು. ಫೋಟೋ ಕಿಟಕಿಗೆ ಹಿಡಿದ ದಿನ ಹೋಯಿತು. ನೀನು ಸಪ್ಪಳ ಅಂದದ್ದನ್ನು ಈಗ ನಾನು ಕಾಲಿನಿಂದ ಕೇಳುತ್ತೇನೆ. ಕುಣಿಯ ಮಣ್ಣು ಆಗಾಗ ನಡುಗುತ್ತದೆ. ನನಗೆ ಹೆದರಿಕೆ ಇಲ್ಲ ಅಂದರೆ ಸುಳ್ಳಾಗುತ್ತದೆ.

ನೀನು ಬರಬೇಡ. ಮುಗಿದ ಮೇಲೆ ನಾನೇ ಬರೆಯುತ್ತೇನೆ.

ಲಾಡಬಿ

*

ಇಳಕಲ್
13 ಆಗಸ್ಟ್ 2024

ಚಾಚಿ, ನಾ ರೋಹಿಣಿ. ಮುಂಜಾನೆ ನಿಮ್ಮ ಕಾಗದಾ ಓದಿ ಬಸ್ ಹತ್ತಿ ಬಂದೇನಿ. ನಿಮ್ಮ ಬಾಗಲದಾಗ ನಿಂತೇನಿ. ಬಡದು ಬಡದು ಕೈ ಕೆಂಪಗಾದ್ವು, ಓಣಿ ಮಂದಿ ಎಲ್ಲಾ ಒದರಾಕತ್ತಾರ, ನಿಮಗ ಕೇಳವಲ್ದು. ಅದಕ್ಕ ಈ ಚೀಟಿ ಕೋಲಿಗೆ ಸಿಗಿಸಿ ಬಾಗಲದ ಬುಡಕಿನಿಂದ ಒಳಗ ತಳ್ಳಾಕತ್ತೇನಿ, ಉತ್ತರಾನೂ ಅದಕ್ಕ ಸಿಗಿಸ್ರಿ. ಮ್ಯಾಲಿನ ಕಿಂಡಿ ಕಲ್ಲು ಈಗಷ್ಟ ಓಣ್ಯಾಗ ಬಿತ್ತು. ಗ್ವಾಡಿ ಉಬ್ಬೇತಿ. ಬಾಗಲಾ ಮುರಿಯೂಣು ಅಂದ್ರ ಹಣಮಪ್ಪ ಮೇಸ್ತ್ರಿ ಬ್ಯಾಡ ಅಂತಾನ, ಅದರ ಹೊಡತಕ್ಕ ಎಲ್ಲಾ ಬೀಳ್ತೈತಿ ಅಂತಾನ. ನೀವಾ ಚಿಲಕಾ ತಗದು ಬರ್ಬೇಕು. ಎದ್ದು ಬರ್ರಿ.

*

ಚೀಟಿ ಕಾಲಿಗೆ ತಾಗಿತು. ಒಂದ ಗೇಣು ಸೆರಗು ಉಳದೈತಿ. ಈಗ ಎದ್ರ ಕೀಲಿ ಹಾಕ್ತಾರ. ಶಾರವ್ವಗ ಏನಂತ ಹೇಳ್ಲಿ? ಗದ್ಲಾ ಮಾಡಬ್ಯಾಡ. ಅತ್ತಾಗ ಹೋಗಿ ನಿಂದರು.

*

ಶಾರವ್ವ ಇಲ್ಲೇ ಅದಾಳ. ಅಳಾಕತ್ತಾಳ. ಸೀರಿ ಬ್ಯಾಡ, ಅಕ್ಕನ್ನ ಹೊರಗ ಕರೀರಿ ಅನ್ನಾಕತ್ತಾಳ. ನೀವು ಬರಾಂಗಿಲ್ಲ ಅಂದ್ರ ಬಾಗಲಾ ತಗೀರಿ, ನಾ ಒಳಗ ಬರ್ತೇನಿ. ನಿಮ್ಮ ಮಗ್ಗಲಕ್ಕ ಕುಂದ್ರತೇನಿ. ಗೇಣು ಮುಗಿಯೂತನಕ ಇಬ್ರೂ ಕೂಡೇ ಇರೂಣು. ಖರೆ ಹೇಳ್ತೇನಿ ಚಾಚಿ, ನಾ ಈ ಹೊಚ್ಚಲಾ ಬಿಟ್ಟು ಸರಿಯಾಂಗಿಲ್ಲ.

*

ಬ್ಯಾಡ. ನೀ ಒಳಗ ಕಾಲ ಇಡಬ್ಯಾಡ. ನೂಲು ಕತ್ತರಿಸೇನಿ. ಹಿಂದಕ ಸರಿ, ಎಲ್ಲಾರ್ನೂ ಹಿಂದಕ ಸರಸು. ನಾ ಬಂದೆ.